ಆಫ್ರಿಕಾನ್ಸ್: ಸಾಧು ಕ್ರಿಯಾಪದ, ಹಠಮಾರಿ ಪದಕ್ರಮ

ಡಚ್ಚಿನಿಂದ ಹುಟ್ಟಿದ ದಕ್ಷಿಣ ಆಫ್ರಿಕಾದ ಭಾಷೆ ಆಫ್ರಿಕಾನ್ಸ್ ಕಲಿಯಲು ಬಂದವರು ಮೊದಲ ವಾರ ಹಿಗ್ಗುತ್ತಾರೆ. ‘ಎಕ್ ಲೀಸ್’ ಎಂದರೆ ನಾನು ಓದುತ್ತೇನೆ, ‘ಹೈ ಲೀಸ್’ ಅವನು ಓದುತ್ತಾನೆ, ‘ಒನ್ಸ್ ಲೀಸ್’ ನಾವು ಓದುತ್ತೇವೆ. ಯಾರು ಓದಿದರೂ ಕ್ರಿಯಾಪದ ಅಲುಗುವುದಿಲ್ಲ. ನಾಮಪದಗಳಿಗೆ ಲಿಂಗದ ಕಾಟವಿಲ್ಲ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ನೆಲೆಯೂರಿದ ಮೇಲೆ ಅಲ್ಲಿನ ಖೋಯ್‌ಖೋಯ್ ಜನರೂ ಏಷ್ಯಾ, ಆಫ್ರಿಕಾಗಳಿಂದ ತಂದ ಗುಲಾಮರೂ ಡಚ್ಚರ ಜೊತೆ ಆಡಿ ಆಡಿ ಡಚ್ಚಿನಲ್ಲಿದ್ದ ಇಂಥ ಪ್ರತ್ಯಯಗಳನ್ನು ಸವೆಸಿಬಿಟ್ಟರು.

ತೊಡಕು ಪದಕ್ರಮದಲ್ಲಿದೆ. ಪ್ರಧಾನ ವಾಕ್ಯದ ಎರಡನೆಯ ಸ್ಥಾನ ಕ್ರಿಯಾಪದಕ್ಕೇ ಮೀಸಲು. ‘ಎಕ್ ಲೀಸ್ ಫನ್‌ಡಾಖ್ ಡಿ ಬುಕ್’: ನಾನು ಇಂದು ಆ ಪುಸ್ತಕ ಓದುತ್ತೇನೆ. (ಇಲ್ಲಿಯ ‘ಖ್’ ಗಂಟಲು ಕೆರೆಯುವ ಧ್ವನಿ.) ‘ಇಂದು’ ಮುಂದೆ ಬಂದರೆ ಕರ್ತೃ ಹಿಂದೆ ಸರಿಯಬೇಕು: ‘ಫನ್‌ಡಾಖ್ ಲೀಸ್ ಎಕ್ ಡಿ ಬುಕ್’. ಭೂತಕಾಲದಲ್ಲಿ ಎರಡನೆಯ ಜಾಗದಲ್ಲಿ ‘ಹೆಟ್’ ಎಂಬ ಸಹಾಯಕ ಕ್ರಿಯಾಪದ, ಮುಖ್ಯ ಕ್ರಿಯಾಪದ ಮುಂದೆ ‘ಖೆ’ ಹೊತ್ತು ತುದಿಯಲ್ಲಿ: ‘ಎಕ್ ಹೆಟ್ ಡಿ ಬುಕ್ ಖೆಲೀಸ್’. ದಕ್ಷಿಣ ಆಫ್ರಿಕಾದ ಶಾಲೆಗಳಲ್ಲಿ ಇದಕ್ಕೆ ‘ಸ್ಟೊಂಪಿ’ ಎಂಬ ನೆನಪಿನ ಸೂತ್ರವಿದೆ. ಕರ್ತೃ, ಕ್ರಿಯೆ, ಕಾಲ, ಕರ್ಮ, ರೀತಿ, ಸ್ಥಳ ಎಂದು ಸಾಲು ಹಿಡಿಸುತ್ತದೆ. ನನಗೆ ಅದು ಅಷ್ಟು ಹಿಡಿಸಿಲ್ಲ. ಸೂತ್ರ ಬಾಯಿಪಾಠ ಮಾಡಿದವರು ಎಲ್ಲ ವಾಕ್ಯವನ್ನೂ ಕರ್ತೃವಿನಿಂದಲೇ ಶುರು ಮಾಡುತ್ತಾರೆ.

ಅಧೀನ ವಾಕ್ಯ ಬಂದಾಗ ಕನ್ನಡಿಗರಿಗೆ ಉಸಿರು ಬರುತ್ತದೆ. ‘ಒಮ್‌ಡಾಟ್ ಎಕ್ ಸೀಕ್ ಇಸ್’, ಅಂದರೆ ನನಗೆ ಕಾಯಿಲೆ ಇರುವುದರಿಂದ. ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೆ.

ನಿಷೇಧವೇ ಬೇರೆ ಕಥೆ. ನಮ್ಮಲ್ಲಿ ‘ಬಾರದೆ ಇರುವುದಿಲ್ಲ’ ಎಂದರೆ ಬರುತ್ತಾನೆ ಎಂದೇ ಅರ್ಥ. ಆಫ್ರಿಕಾನ್ಸ್‌ನಲ್ಲಿ ‘ಇಲ್ಲ’ ಎನ್ನುವ ‘ನೀ’ ಎರಡು ಸಲ ಬಂದರೂ ನಿಷೇಧ ಒಂದೇ: ‘ಎಕ್ ಲೀಸ್ ನೀ ಡಿ ಬುಕ್ ನೀ’. ಕರ್ತೃ, ಕ್ರಿಯೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಒಂದೇ ಸಾಕು: ‘ಎಕ್ ಲೀಸ್ ನೀ’. ಎರಡನೆಯದು ವಾಕ್ಯ ಎಷ್ಟೇ ಉದ್ದವಿದ್ದರೂ ಅದರ ಬಾಲಕ್ಕೇ ಅಂಟುತ್ತದೆ, ಅಧೀನ ವಾಕ್ಯವನ್ನೂ ದಾಟಿ: ‘ಎಕ್ ವೀಟ್ ನೀ ಒಫ್ ಹೈ ಸೀಕ್ ಇಸ್ ನೀ’, ಅವನಿಗೆ ಕಾಯಿಲೆಯೋ ಏನೋ ನನಗೆ ತಿಳಿಯದು. ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವುದು ಈ ಕೊನೆಯ ‘ನೀ’ಯನ್ನೇ.

ಇನ್ನೊಂದು ಚಿಕ್ಕ ವಿಷಯ. ನಾವು ‘ಪುಸ್ತಕ ನೋಡಿದೆ’ ಎನ್ನುತ್ತೇವೆ, ಆದರೆ ‘ಅವನು ನೋಡಿದೆ’ ಎನ್ನುವುದಿಲ್ಲ. ಮನುಷ್ಯನಾದರೆ ‘ಅನ್ನು’ ಬೇಕೇ ಬೇಕು. ಆಡುಮಾತಿನ ಆಫ್ರಿಕಾನ್ಸ್ ಕೂಡ ವ್ಯಕ್ತಿ ಕರ್ಮವಾದಾಗ ಹಲವು ಸಲ ‘ಫಿರ್’ ಸೇರಿಸುತ್ತದೆ: ‘ಎಕ್ ಸೀನ್ ಫಿರ್ ಯಾನ್’, ಯಾನ್‌ನನ್ನು ನೋಡುತ್ತೇನೆ. ಕಡ್ಡಾಯವೇನಲ್ಲ, ಮಾತಿನಲ್ಲಿ ಧಾರಾಳವಾಗಿ ಬಳಸಿ, ಪರೀಕ್ಷೆಯ ಪ್ರಬಂಧದಲ್ಲಿ ಬಿಡಿ.