ಆಲಮಟ್ಟಿಯ ಎರಡು ಅಂಕಿಗಳು ಮತ್ತು ಸುದ್ದಿ ಬರೆಯುವ ಯಂತ್ರ

ಮಳೆಗಾಲದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಓದುಗರು ಪತ್ರಿಕೆ ಬಿಡಿಸಿದೊಡನೆ ಹುಡುಕುವುದು ಆಲಮಟ್ಟಿಯ ಒಳಹರಿವು, ಹೊರಹರಿವು ಮತ್ತು ನೀರಿನ ಮಟ್ಟವನ್ನು. ಜಲಾಶಯ ತುಂಬಿದಾಗಿನ ಮಟ್ಟ 519.60 ಮೀಟರ್, ಆಗ ಸಂಗ್ರಹ ಸುಮಾರು 123 ಟಿಎಂಸಿ ಅಡಿ. ಇಲ್ಲಿನವರಿಗೆ ಇನ್ನೊಂದು ಅಂಕಿಯೂ ಬಾಯಿಪಾಠವಾಗಿದೆ: 524.256 ಮೀಟರ್. ಇದು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಅನುಮತಿಸಿದ ಎತ್ತರ. ಎರಡರ ನಡುವಿನ ಅಂತರ ಐದು ಮೀಟರ್ ಕೂಡ ಇಲ್ಲ, ಆದರೆ ಎಷ್ಟೋ ಹಳ್ಳಿಗಳ ಹೊಲ-ಮನೆಗಳು ಮುಳುಗುವ ಪ್ರಶ್ನೆ ಆ ಅಂತರದಲ್ಲಿಯೇ ಇದೆ.

ಇಂಥ ಸುದ್ದಿಯನ್ನು ಕೃತಕ ಬುದ್ಧಿಮತ್ತೆಯಿಂದ ಬರೆಸಿದರೆ ಉಪಸಂಪಾದಕರ ಸಂಬಳ ಉಳಿಯುತ್ತದೆ ಎಂಬ ಲೆಕ್ಕಾಚಾರ ಸುದ್ದಿಮನೆಗಳಲ್ಲಿ ಈಗ ಜೋರಾಗಿದೆ. ಇದರ ಬೆನ್ನಿಗಿರುವುದು, ಯಂತ್ರ ಎಲ್ಲವನ್ನೂ ಓದಿ ನೆನಪಿಟ್ಟುಕೊಂಡಿದೆ, ಕೇಳಿದಾಗ ತೆಗೆದುಕೊಡುತ್ತದೆ ಎಂಬ ನಂಬಿಕೆ. ಕಾಲಜ್ಞಾನದ ಹೊತ್ತಿಗೆಗೆ ಕೈಮುಗಿಯುವವರನ್ನು ನೋಡಿ ನಗುವ ವಿದ್ಯಾವಂತರೇ ಪರದೆಯ ಮೇಲೆ ಮೂಡಿದ್ದನ್ನು ಕಣ್ಣುಮುಚ್ಚಿ ಒಪ್ಪುವುದನ್ನು ಕಂಡರೆ ನನಗೆ ಸೋಜಿಗಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಹೀಗೆ ಬರೆಯುವ ಯಂತ್ರವನ್ನು ಭಾಷಾ ಮಾದರಿ ಎನ್ನುತ್ತಾರೆ; ಅದರೊಳಗೆ ಕಡತಗಳ ಕಪಾಟು ಎಂಬುದಿಲ್ಲ. ತರಬೇತಿಯ ಹೊತ್ತಿನಲ್ಲಿ ಅದು ಅಪಾರ ಪಠ್ಯವನ್ನು ಚೂರುಚೂರಾಗಿ ಒಡೆದು, ಯಾವ ಚೂರಿನ ಮುಂದೆ ಯಾವುದು ಬರುವ ಸಂಭವ ಎಷ್ಟು ಎಂಬುದನ್ನು ಕೋಟಿಗಟ್ಟಲೆ ಸಂಖ್ಯೆಗಳಲ್ಲಿ ಹೊಂದಿಸಿಕೊಳ್ಳುತ್ತದೆ. ಅಂಕಿಗಳಿಗೂ ಇದೇ ಗತಿ. ‘ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ’ ಎಂದು ಬರೆದು ಅದು 5ರ ತನಕ ಬಂದಿದೆ ಎಂದುಕೊಳ್ಳೋಣ. ಮುಂದಿನ ಚೂರು 19 ಆಗಬಹುದು, 24 ಆಗಬಹುದು. ಎರಡೂ ಆಲಮಟ್ಟಿಯ ಬಗೆಗಿನ ಬರಹಗಳಲ್ಲಿ ಧಾರಾಳವಾಗಿ ಇವೆ. ಹಿಂದಿನ ಪದಗಳೆಲ್ಲವನ್ನೂ ತೂಗಿ ಯಂತ್ರ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸಂಭವ ಕೊಡುತ್ತದೆ. ಬಹುಪಾಲು ವ್ಯವಸ್ಥೆಗಳು ಪ್ರತಿಸಲವೂ ಅತಿ ಹೆಚ್ಚು ಸಂಭವದ ಚೂರನ್ನೇ ಆಯ್ದುಕೊಳ್ಳದೆ, ಬರಹ ಯಾಂತ್ರಿಕವಾಗಿ ಕಾಣದಿರಲೆಂದು ಸ್ವಲ್ಪ ಅದೃಷ್ಟದಾಟಕ್ಕೂ ಅವಕಾಶ ಇಟ್ಟಿರುತ್ತವೆ. ಹೀಗಾಗಿ ಅದೇ ಪ್ರಶ್ನೆಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಉತ್ತರ ಬರುವುದುಂಟು. ಅಣೆಕಟ್ಟೆಯ ಗೇಟುಗಳ ಮುಂದೆ ಇವತ್ತು ನೀರು ಎಷ್ಟಿದೆ ಎಂದು ನೋಡುವ ಹಂತ ಈ ಇಡೀ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಅಂತರ್ಜಾಲದಲ್ಲಿ ಹುಡುಕಿ ಬರೆಯುವ ವ್ಯವಸ್ಥೆಗಳು ಈ ತೊಂದರೆಯನ್ನು ಕಡಿಮೆ ಮಾಡುತ್ತವೆ, ನಿಜ. ಆದರೆ ಸಿಕ್ಕ ಪುಟ ಯಾವ ವರ್ಷದ್ದು, ಅದು ಹೇಳುತ್ತಿರುವ ಮಟ್ಟ ಈಗಿನದೋ ಅನುಮತಿಸಿದ್ದೋ ಎಂಬ ವಿವೇಚನೆ ಕೊನೆಗೂ ಅದೇ ಸಂಭವದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಊರುಗಳ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಬಿಜಾಪುರ ಅಧಿಕೃತವಾಗಿ ವಿಜಯಪುರವಾದದ್ದು 2014ರಲ್ಲಿ. ಹಳೆಯ ಬರಹಗಳಲ್ಲಿ ಇಳಕಲ್ ಬಿಜಾಪುರ ಜಿಲ್ಲೆಯ ಊರು. ಛತ್ತೀಸಗಡದಲ್ಲಿಯೂ ಒಂದು ಬಿಜಾಪುರ ಇದೆ. ಇವೆಲ್ಲ ಒಂದೇ ರಾಶಿಗೆ ಬಿದ್ದರೆ ‘ವಿಜಯಪುರ ಜಿಲ್ಲೆಯ ಇಳಕಲ್’ ಎಂಬ ವಾಕ್ಯ ವ್ಯಾಕರಣದ ಒಂದು ತಪ್ಪೂ ಇಲ್ಲದೆ ಹೊರಬರಬಹುದು. ಹುನಗುಂದದ ಯಾವ ವರದಿಗಾರನೂ ಅದನ್ನು ಅಚ್ಚಿಗೆ ಬಿಡುವುದಿಲ್ಲ.

ಪ್ರಕಾಶನವೆಂದರೆ ಏನೆಂಬುದನ್ನು ವಿಜಯಪುರಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿ ಕಟ್ಟುಗಳನ್ನು ಹುಡುಕಿ, ಕಲೆಹಾಕಿ, ಶೋಧಿಸಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು, ಆಮೇಲೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಗ್ರಂಥ ಸಂಪಾದನೆಯಲ್ಲಿ ಒಂದು ಪಾಠ ಯಾವ ಕಟ್ಟಿನದು, ಇನ್ನೊಂದು ಪ್ರತಿಯಲ್ಲಿ ಹೇಗಿದೆ ಎಂಬ ಪ್ರಶ್ನೆಗೆ ಉತ್ತರವಿರಬೇಕು. ಭಾಷಾ ಮಾದರಿ ತನ್ನಷ್ಟಕ್ಕೆ ಬರೆದ ವಾಕ್ಯಕ್ಕೆ ಅಂಥ ಮೂಲ ಪ್ರತಿ ಇರುವುದಿಲ್ಲ; ಮೂಲ ಕೇಳಿದರೆ, ಮೂಲದಂತೆ ಕಾಣುವ ಇನ್ನೊಂದು ವಾಕ್ಯವನ್ನೇ ಅದು ಹೊಸೆದು ಕೊಡಬಹುದು.

ಅಮೆರಿಕದಲ್ಲಿ ಇದರ ಬೆಲೆ ತೆತ್ತವರಿದ್ದಾರೆ. ಸಿನೆಟ್ ಎಂಬ ಜಾಲತಾಣ ಯಂತ್ರದಿಂದ ಬರೆಸಿದ ಹಣಕಾಸು ಲೇಖನವೊಂದು, 10,000 ಡಾಲರನ್ನು ಶೇ 3ರ ಬಡ್ಡಿಗೆ ಇಟ್ಟರೆ ವರ್ಷದ ಕೊನೆಗೆ 10,300 ಡಾಲರ್ ಗಳಿಕೆಯಾಗುತ್ತದೆ ಎಂದಿತು. ಗಳಿಕೆ 300 ಮಾತ್ರ ಎಂಬುದು ನಮ್ಮ ಸಹಕಾರಿ ಸಂಘದ ಗುಮಾಸ್ತನಿಗೂ ತಿಳಿಯುತ್ತದೆ. 2023ರಲ್ಲಿ ಆ ತಾಣ ಇಂಥ 77 ಲೇಖನಗಳನ್ನು ಮರುಪರಿಶೀಲಿಸಿ ಅರ್ಧಕ್ಕಿಂತ ಹೆಚ್ಚಿನವನ್ನು ತಿದ್ದಿತು. 2025ರ ಮೇ ತಿಂಗಳಲ್ಲಿ ಶಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಪುರವಣಿಯೊಂದು ಬೇಸಿಗೆಗೆ ಸೂಚಿಸಿದ 15 ಪುಸ್ತಕಗಳಲ್ಲಿ 10 ಪುಸ್ತಕಗಳು ಇರಲೇ ಇಲ್ಲ, ಲೇಖಕರ ಹೆಸರುಗಳು ಮಾತ್ರ ನಿಜವಾಗಿದ್ದವು. ಪುರವಣಿಯನ್ನು ಹೊರಗಿನಿಂದ ಸಿದ್ಧಪಡಿಸಿ ತರಿಸಲಾಗಿತ್ತು. ಪುಟ ತಿರುವಿ ಪರಿಶೀಲಿಸುವವರು ಯಾರೂ ಇರಲಿಲ್ಲ.

ಯಂತ್ರಕ್ಕೆ ಸುದ್ದಿಮನೆಯಲ್ಲಿ ಕೆಲಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್ ಬಳಕೆಗೆ ಬರುವ ಮುಂಚೆ ‘ನುಡಿ’ಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕನ್ನಡ ಪುಟಗಳು ಎಷ್ಟೋ ಕಂಪ್ಯೂಟರುಗಳಲ್ಲಿ ಹಾಗೆಯೇ ಬಿದ್ದಿವೆ. ಅವುಗಳನ್ನು ಯುನಿಕೋಡ್‌ಗೆ ತರುವಾಗ ಒತ್ತಕ್ಷರ, ಅರ್ಕಾವತ್ತುಗಳು ಚದುರಿ ಹೋಗುತ್ತವೆ. ಆ ಪುಟಗಳನ್ನು ಸರಿಪಡಿಸಿ, ಹುಡುಕಿದರೆ ಸಿಗುವಂತೆ ಮಾಡುವ ಕೆಲಸದಲ್ಲಿ ಯಂತ್ರ ಚೆನ್ನಾಗಿ ನೆರವಾಗಬಲ್ಲದು, ಏಕೆಂದರೆ ಅಲ್ಲಿ ತಾಳೆ ನೋಡಲು ಮೂಲ ಪುಟ ಕಣ್ಣೆದುರಿಗೇ ಇರುತ್ತದೆ.