27 ಕೋಟಿಯವನ ಹಿಂದಿನ ಸಾಲು

ಹೋದ ಜುಲೈಯಲ್ಲಿ, ರಿಟರ್ನ್ ತುಂಬುವ ಗಡಿಬಿಡಿಯ ನಡುವೆ, ನಮ್ಮಲ್ಲಿಗೆ ಹದಿನೆಂಟು ವರ್ಷಗಳಿಂದ ಬರುತ್ತಿರುವ ಹಾರ್ಡ್‌ವೇರ್ ಅಂಗಡಿಯವರು ಮಗನನ್ನೂ ಕರೆದುಕೊಂಡು ಬಂದಿದ್ದರು. ಜಿಎಸ್‌ಟಿ ಬಿಟ್ಟು ಬೇರೆ ವಿಷಯ ಎತ್ತಿದವರೇ ಅಲ್ಲ. ಅಂದು ಫೈಲು ಪಕ್ಕಕ್ಕಿಟ್ಟು ಹೇಳಿದರು: "ಇವನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಎಂತದೂ ಬೇಡ ಮಾರಾಯ್ರೆ. ಬೆಂಗಳೂರಿನ ಅಕಾಡೆಮಿಗೆ ಹಾಕುವ ಅಂತ ಉಂಟು. ನೀವು ಲೆಕ್ಕದವರಲ್ವಾ, ಅದರಲ್ಲಿ ಸರಾಸರಿ ಎಷ್ಟು ದುಡಿಯಬಹುದು ಹೇಳಿ."

ಹುಡುಗ ನೆಲ ನೋಡುತ್ತಾ ಕೂತಿದ್ದ. ವಿಕೆಟ್ ಕೀಪರ್ ಅಂತೆ.

ಬ್ಯಾಂಕ್ ಗುಮಾಸ್ತನ ಕೆಲಸಕ್ಕೋ ಹೈಸ್ಕೂಲು ಮೇಷ್ಟ್ರ ಕೆಲಸಕ್ಕೋ ಈ ಪ್ರಶ್ನೆ ಕೇಳಿದ್ದರೆ ಥಟ್ಟನೆ ಉತ್ತರ ಹೇಳುತ್ತಿದ್ದೆ. ಆ ಕೆಲಸಗಳಲ್ಲಿ ಹೆಚ್ಚಿನವರು ಸರಾಸರಿಯ ಆಚೀಚೆಯೇ ಇರುತ್ತಾರೆ. ಕ್ರಿಕೆಟಿಗ, ಗಾಯಕ, ನಟ, ದೊಡ್ಡ ಕೋರ್ಟಿನ ವಕೀಲ ಎಂದರೆ ಕಥೆ ಬೇರೆ. ಲೆಕ್ಕಕ್ಕೆಂದು ಹೇಳುತ್ತೇನೆ: ನನ್ನ ಮೇಜಿನ ಮೇಲೆ ಹತ್ತು ಫೈಲುಗಳಿವೆ, ಒಂಬತ್ತು ಮಂದಿಯ ಆದಾಯ ತಲಾ 3 ಲಕ್ಷ, ಹತ್ತನೆಯವನದು 3 ಕೋಟಿ. ಸರಾಸರಿ ತೆಗೆದರೆ 32 ಲಕ್ಷದ 70 ಸಾವಿರ. ಆ ಮೊತ್ತ ದುಡಿಯುವವನು ಹತ್ತರಲ್ಲಿ ಒಬ್ಬನೂ ಇಲ್ಲ. ನಾನು ನೋಡುವುದು, ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವವನ ಫೈಲು.

ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿಗೆ ಹೆಸರು ನೋಂದಾಯಿಸಿದವರು 1,574 ಮಂದಿ. ಮಾರಾಟವಾದವರು 182. ರಿಷಭ್ ಪಂತ್‌ಗೆ 27 ಕೋಟಿ; ಕೆಳಗಿನ ಮೂಲಬೆಲೆಗೆ ಹೋದವನಿಗೆ 30 ಲಕ್ಷ. ತೊಂಬತ್ತು ಪಟ್ಟು. ಇಬ್ಬರೂ ಆಡುವುದು ಅದೇ ಎರಡು ತಿಂಗಳ ಪಂದ್ಯಾವಳಿ, ಹಿಡಿಯುವುದು ಅದೇ ಬಿಳಿ ಚೆಂಡು. ಪಂತ್ ತೊಂಬತ್ತು ಪಟ್ಟು ಚೆನ್ನಾಗಿ ಆಡುತ್ತಾರೆಂದು ಅವರ ಕಟ್ಟಾ ಅಭಿಮಾನಿಯೂ ಹೇಳಲಾರ.

ಹಾಗಾದರೆ ಈ ಅಂತರ ಎಲ್ಲಿಂದ ಬಂತು? ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಷೆರ್ವಿನ್ ರೋಸನ್ 1981ರಲ್ಲಿ ಇದಕ್ಕೆ ಎರಡು ಕಾರಣ ಕೊಟ್ಟರು. ಒಂದು, ಕೆಲವು ಕಡೆ ಎರಡನೇ ದರ್ಜೆಯದ್ದನ್ನು ಎಷ್ಟು ರಾಶಿ ಹಾಕಿದರೂ ಮೊದಲ ದರ್ಜೆಗೆ ಸಮವಾಗುವುದಿಲ್ಲ. ಸುಮಾರಾಗಿ ಹಾಡುವ ಹತ್ತು ಮಂದಿಯ ಕಚೇರಿ ಕೇಳಿದರೆ ಒಬ್ಬ ಒಳ್ಳೆ ಗಾಯಕನನ್ನು ಕೇಳಿದಂತಾಗದು. ಎರಡು, ಹಾಡನ್ನು ನೂರು ಜನ ಕೇಳಿದರೂ ಕೋಟಿ ಜನ ಕೇಳಿದರೂ ಹಾಡುವವನಿಗೆ ಬೀಳುವ ಶ್ರಮ ಒಂದೇ. ಇವೆರಡೂ ಕೂಡಿದ ಕಡೆ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಕೋಟಿಗಟ್ಟಲೆ ಬೆಲೆ ಬರುತ್ತದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿಗೆ ಹೋಯಿತು. ಪಂತ್‌ಗೆ ಬರುವ ದುಡ್ಡಿನ ಮೂಲ ಅಲ್ಲಿದೆ, ಸ್ಟೇಡಿಯಂ ಟಿಕೆಟಿನಲ್ಲಲ್ಲ.

ಇನ್ನೊಂದನ್ನು ಜನ ಗಮನಿಸುವುದಿಲ್ಲ. ಆ ಹರಾಜಿನಲ್ಲಿ ಒಂದು ತಂಡದ ಒಟ್ಟು ಥೈಲಿ 120 ಕೋಟಿ, ತಂಡದಲ್ಲಿ ಹೆಚ್ಚೆಂದರೆ 25 ಮಂದಿ. ಒಬ್ಬನಿಗೆ 27 ಹೋದರೆ ಉಳಿದ ಇಪ್ಪತ್ತನಾಲ್ವರಿಗೆ 93. ಅದರಲ್ಲೂ ಮೂರು ನಾಲ್ಕು ಜನ ದೊಡ್ಡ ಪಾಲು ಎತ್ತುತ್ತಾರೆ. ಅಂದರೆ ಕೊನೆಯವನ 30 ಲಕ್ಷಕ್ಕೂ ಮೊದಲಿನವನ 27 ಕೋಟಿಗೂ ನೇರ ನಂಟಿದೆ.

ಈಗ ಐಪಿಎಲ್ ಸಿಗದ, ಆದರೆ ರಾಜ್ಯ ತಂಡ ಸೇರಿದ ಹುಡುಗನ ಲೆಕ್ಕ. ರಣಜಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಪಂದ್ಯ ಆಡದವನಿಗೆ ದಿನಕ್ಕೆ 40,000, ನಲವತ್ತು ದಾಟಿದವನಿಗೆ 60,000. ಲೀಗ್ ಹಂತದಲ್ಲಿ ಏಳು ಪಂದ್ಯ, ತಲಾ ನಾಲ್ಕು ದಿನ, ಒಟ್ಟು 28 ದಿನ. ಎಲ್ಲ ಪಂದ್ಯದಲ್ಲೂ ಹನ್ನೊಂದರೊಳಗಿದ್ದರೆ ಹೊಸಬನಿಗೆ 11.2 ಲಕ್ಷ. ಮೀಸಲು ಬೆಂಚಿನಲ್ಲಿ ಕೂತವನಿಗೆ ಅದರ ಅರ್ಧ. ಕೆಟ್ಟದ್ದೇನಲ್ಲ, ನಮ್ಮೂರಲ್ಲಿ ಎಷ್ಟು ಜನಕ್ಕೆ ಸಿಕ್ಕೀತು? ಆದರೆ ಮಂಡಿ ತಿರುಚಿದ ವರ್ಷ ಅದು ಸೊನ್ನೆ. ಆ ಹನ್ನೊಂದರ ಹೊರಗೆ ನಿಂತವರ ಸಾಲು ಎಷ್ಟು ಉದ್ದ ಎಂಬುದು ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಲೀಗ್ ಆಡಿದ ಯಾರನ್ನು ಕೇಳಿದರೂ ಗೊತ್ತಾಗುತ್ತದೆ.

ನನಗೆ ಈ ಸಂಗತಿ ಅರ್ಥವಾದದ್ದು ಕ್ರಿಕೆಟಿಗರಿಂದಲ್ಲ, ಯಕ್ಷಗಾನದವರಿಂದ. ನಮ್ಮಲ್ಲಿಗೆ ಬರುವ ಒಬ್ಬ ವೇಷಧಾರಿ ಪಾಸ್‌ಬುಕ್ಕಿನ ಜೊತೆ ಒಂದು ಪುಟ್ಟ ಡೈರಿ ತರುತ್ತಾರೆ. ಪ್ರತಿ ರಾತ್ರಿಯ ಊರು, ಪ್ರಸಂಗ, ಮಾಡಿದ ವೇಷ, ಬಸ್ ಚಾರ್ಜು. ನವೆಂಬರಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನದವರೆಗೆ, ಪುಟಗಳು ತುಂಬಿರುತ್ತವೆ. ಗೆಜ್ಜೆ ಬಿಚ್ಚಿದ ಮೇಲೆ ಜೂನ್, ಜುಲೈ ಖಾಲಿ. ಅಲ್ಲೊಂದು ಇಲ್ಲೊಂದು ಕಡೆ ಕೆಂಪು ಶಾಯಿಯಲ್ಲಿ "ಅತಿಥಿ" ಎಂದಿರುತ್ತದೆ. ಮೇಳದ ಸಂಬಳದ ಆಚೆ ಬಂದ ದುಡ್ಡು ಅದು.

ಹರಕೆಯ ಮೇಳದಲ್ಲಿ ಆಟ ಆಡಿಸುವವರು ಹೇಳಿಕೊಂಡಿರುವುದು ದೇವರಿಗೆ, ಕಲಾವಿದನಿಗಲ್ಲ. ಯಾರು ವೇಷ ಮಾಡಿದರೂ ಹರಕೆ ಸಂದಾಯವಾಗುತ್ತದೆ. ಹಾಗಾಗಿ ಅಲ್ಲಿ ಮೇಲಿನವನಿಗೂ ಕೆಳಗಿನವನಿಗೂ ಅಂತರವಿದೆ, ಆದರೆ ಅದು ಏಣಿಯ ಮೆಟ್ಟಿಲಿನಷ್ಟು. ಟಿಕೆಟ್ ಇಟ್ಟು ಆಡುವ ಟೆಂಟಿನ ಮೇಳದಲ್ಲಿ ಪೋಸ್ಟರಿನ ಮೇಲಿನ ಹೆಸರೇ ಕಲೆಕ್ಷನ್ನು. ಅಲ್ಲಿ ಅಂತರ ಹಿಗ್ಗುತ್ತದೆ. ಕಲೆ ಒಂದೇ, ಬಣ್ಣ ಒಂದೇ, ದುಡ್ಡು ಕೊಡುವವನ ಉದ್ದೇಶ ಬೇರೆ. ಮೊದಲು ದೊಡ್ಡ ಹೆಸರಿನವನಿಗೂ ಒಂದು ಮಿತಿಯಿತ್ತು: ರಾತ್ರಿಗೆ ಒಂದೇ ಆಟ. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಪ್ರಯೋಗ ಬಂದ ಮೇಲೆ ಸಂಜೆ ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಕಾರು ಹತ್ತಬಹುದು. ಹಾಗೆ ಹೋದವನು ಎರಡನೇ ಊರಿನಲ್ಲಿ ಇನ್ನೊಬ್ಬ ಮಾಡಬಹುದಾಗಿದ್ದ ವೇಷವನ್ನೂ ಮಾಡುತ್ತಾನೆ. ಮನುಷ್ಯನ ದನಿ ಇಷ್ಟೇ ಜನರನ್ನು ಮುಟ್ಟುವವರೆಗೆ ಗಾಯಕರ ಗಳಿಕೆಗೂ ಮಿತಿ ಇದ್ದೇ ಇರುತ್ತದೆ ಎಂದು ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ ಬರೆದದ್ದು ಧ್ವನಿವರ್ಧಕ ಬರುವುದಕ್ಕೂ ಮೊದಲು. ಈಗ ಮೈಕೂ ಇದೆ, ಯೂಟ್ಯೂಬೂ ಇದೆ.

ವಕೀಲರ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಸ್ಟೈಪೆಂಡ್ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಬೇಕಾಯಿತು. ಅದೂ ಶಿಫಾರಸು, ಕಡ್ಡಾಯವಲ್ಲ. ಹಿರಿಯ ವಕೀಲರು ಒಂದು ದಿನ ನಿಲ್ಲಲು ಪಡೆಯುವ ಫೀಸು ಓದುಗರಿಗೆ ಪತ್ರಿಕೆಗಳಿಂದಲೇ ಗೊತ್ತಿರುತ್ತದೆ.

ಇನ್ನು ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಯಾರೂ ಮೊದಲೇ ಕೇಳದೆ, ಆಮೇಲೆ ತಲೆ ಮೇಲೆ ಕೈ ಹೊತ್ತು ಬರುವುದು ಇಲ್ಲೇ. ಆದಾಯ ತೆರಿಗೆ ವರ್ಷ ವರ್ಷಕ್ಕೆ ಲೆಕ್ಕ ಹಾಕುತ್ತದೆ, ಮನುಷ್ಯನ ಆಯುಷ್ಯಕ್ಕಲ್ಲ. 2025-26ರ ಹೊಸ ಪದ್ಧತಿಯ ದರ ಹಿಡಿಯಿರಿ. ಖರ್ಚು ಕಳೆದು ವರ್ಷಕ್ಕೆ 12 ಲಕ್ಷ ಉಳಿಸುವ ವೃತ್ತಿಪರ ರಿಯಾಯಿತಿಯಿಂದಾಗಿ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಅದೇ ದರ ಐದು ವರ್ಷ ನಡೆಯಿತೆಂದುಕೊಳ್ಳಿ: 60 ಲಕ್ಷ ಆದಾಯ, ತೆರಿಗೆ ಸೊನ್ನೆ. ಇನ್ನೊಬ್ಬನಿಗೆ ಆ 60 ಲಕ್ಷ ಒಂದೇ ವರ್ಷ ಬಂತು, ಮುಂದಿನ ನಾಲ್ಕು ವರ್ಷ ಯಾರೂ ಕರೆಯಲಿಲ್ಲ. ಅವನ ಸ್ಲ್ಯಾಬ್ ತೆರಿಗೆ 13.8 ಲಕ್ಷ, 50 ಲಕ್ಷ ದಾಟಿದ್ದಕ್ಕೆ ಶೇ. 10 ಸರ್ಚಾರ್ಜ್, ಮೇಲೆ ಶೇ. 4 ಸೆಸ್. ಒಟ್ಟು ಹತ್ತಿರ ಹತ್ತಿರ 15.79 ಲಕ್ಷ. ಆಸ್ಟ್ರೇಲಿಯಾದಲ್ಲಿ ಕಲಾವಿದರಿಗೆ, ಕ್ರೀಡಾಪಟುಗಳಿಗೆ ಇಂಥ ಏರಿಳಿತವನ್ನು ವರ್ಷಗಳ ಮೇಲೆ ಹರಡಿ ತೆರಿಗೆ ಹಾಕುವ ವ್ಯವಸ್ಥೆ ಇದೆ. ನಮ್ಮಲ್ಲಿ ಇಲ್ಲ. ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ಆದರೆ ಕೋಟ್ಯಧಿಪತಿಗಳ ಪರ ವಕಾಲತ್ತು ಎಂದು ಯಾರೂ ಕಿವಿಗೊಡುವುದಿಲ್ಲ.

ದುಡ್ಡು ಕೊಡುವವರೇ ಹತ್ತು ಪರ್ಸೆಂಟು ಟಿಡಿಎಸ್ ಅಂತ ಮೊದಲೇ ಹಿಡಿದಾಗಿದೆ, ತೆರಿಗೆ ಮುಗಿಯಿತು ಎಂದುಕೊಂಡು ಕಾರು ಬುಕ್ ಮಾಡಿದವರನ್ನು ನೋಡಿದ್ದೇನೆ. ಮಾರ್ಚ್ 15ರೊಳಗೆ ಉಳಿದದ್ದನ್ನೂ ಮುಂಗಡವಾಗಿ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ. ಬಂದ ಚೆಕ್ಕಿನ ಮೂರನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿ ಅದರ ಡೆಬಿಟ್ ಕಾರ್ಡನ್ನು ಅಮ್ಮನ ಕೈಗೆ ಕೊಡಿ ಎನ್ನುತ್ತೇನೆ. ಬ್ಯಾಟು, ಫಿಸಿಯೋ, ಪ್ರಯಾಣ ಎಲ್ಲದರ ಬಿಲ್ಲೂ ಬೇಕು. ವಕೀಲರಿಗೆ, ಸಿನಿಮಾ ಕಲಾವಿದರಿಗೆ ಒಂದು ಮಿತಿಯವರೆಗೆ ಬಂದದ್ದರ ಅರ್ಧವನ್ನು ಲಾಭವೆಂದು ತೋರಿಸಿ ಮುಗಿಸುವ ಸುಲಭ ದಾರಿಯಿದೆ. ಆಟಗಾರನ ಹೆಸರು ಆ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ಕೇಳಿ ಅಂಗಡಿಯವರು, "ಹಾಗಾದರೆ ಹಾಕುವುದೋ ಬೇಡವೋ?" ಎಂದರು. ಅದನ್ನು ಹೇಳಲು ನಾನು ಯಾರು? ಒಂದು ಕೆಲಸ ಮಾಡಿ ಎಂದೆ: ಅಕಾಡೆಮಿಯ ಕೋಚನ್ನು ಕಂಡು, ಏಳೆಂಟು ವರ್ಷದ ಹಿಂದಿನ ಬ್ಯಾಚಿನಲ್ಲಿ ಎಲ್ಲರಿಗಿಂತ ಮುಂದಿದ್ದ ಮೂವರು ಹುಡುಗರು ಈಗ ಏನು ಮಾಡುತ್ತಿದ್ದಾರೆ ಕೇಳಿ ಬನ್ನಿ.

ವಾರದ ನಂತರ ಫೋನ್ ಬಂತು. ಮೊದಲನೆಯವನು ರಾಜ್ಯ ತಂಡದಲ್ಲಿದ್ದಾನೆ, ಅವನ ಫೋಟೋ ಗೋಡೆ ಮೇಲಿದೆ. ಎರಡನೆಯವನು ಅದೇ ಅಕಾಡೆಮಿಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾನೆ. ಮೂರನೆಯವನ ಹೆಸರು ಕೋಚ್‌ಗೆ ನೆನಪಾಗಲಿಲ್ಲವಂತೆ. "ಆದರೂ ಹಾಕಿದ್ದೇನೆ," ಎಂದರು, "ಕಾಲೇಜಿನ ಹತ್ತಿರವೇ ರೂಮು ಮಾಡಿಕೊಟ್ಟಿದ್ದೇನೆ."