ಮಗನ ಮೊದಲ ಕಾರಿಗೆ 150 ಹಾರ್ಸ್‌ಪವರ್ ಬೇಕಾ?

ಪ್ರಶ್ನೆ: ಮಗನಿಗೆ 20 ವರ್ಷ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಡಿಎಲ್ ಬಂದು ನಾಲ್ಕು ತಿಂಗಳಾಯಿತು. ಸೆಕೆಂಡ್ ಹ್ಯಾಂಡ್‌ನಲ್ಲಿ 150 ಹಾರ್ಸ್‌ಪವರ್‌ನ ಟರ್ಬೊ ಸೆಡಾನ್ ನೋಡಿಕೊಂಡು ಬಂದು, ಕೊಡಿಸಲೇಬೇಕು ಅಂತ ಹಟ ಹಿಡಿದಿದ್ದಾನೆ. ‘ಗಟ್ಟಿ ಬಾಡಿ, ಆರು ಏರ್‌ಬ್ಯಾಗು, ನಿನ್ನ ಹಳೇ ಕಾರಿಗಿಂತ ಸೇಫ್ ಕಣಪ್ಪ’ ಅಂತಾನೆ. ಕೊಡಿಸಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಈಗ ಬೇಡ. ಎರಡು ವರ್ಷ ಕಳೆಯಲಿ, ಆಮೇಲೆ ಕೊಡಿಸಿ.

ಮಗ ಹೇಳುವುದರಲ್ಲಿ ಅರ್ಧ ನಿಜವಿದೆ. ಗುದ್ದಿದ ಮೇಲೆ ಜೀವ ಉಳಿಸುವುದರಲ್ಲಿ ಅಂಥ ಕಾರು ನಿಮ್ಮ ಹಳೆಯದಕ್ಕಿಂತ ಮೇಲು. ತೊಂದರೆ ಇರುವುದು ಗುದ್ದುವುದಕ್ಕೆ ಮುಂಚಿನ ಮೂರು ಸೆಕೆಂಡಿನಲ್ಲಿ. ಹಳೇ ಕಾರು 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಕಿಟಕಿ ಗಡಗಡ ಅನ್ನುತ್ತದೆ, ಸಾಕು ಮಾರಾಯ ಅಂತ ಅದೇ ಹೇಳುತ್ತದೆ. ಟರ್ಬೊ ಕಾರು ಏನೂ ಹೇಳುವುದಿಲ್ಲ. ಗೆಳೆಯರೊಬ್ಬರ ಅಂಥದೇ ಕಾರನ್ನು ಒಮ್ಮೆ ಬನ್ನೂರು ರಸ್ತೆಯಲ್ಲಿ ಓಡಿಸಿದ್ದೆ. ಅರವತ್ತು ಇರಬಹುದು ಅಂದುಕೊಂಡು ಮೀಟರ್ ನೋಡಿದರೆ 104! ಇಪ್ಪತ್ತು ವರ್ಷ ಕಾರು ಓಡಿಸಿದ ನನಗೇ ಗೊತ್ತಾಗಿರಲಿಲ್ಲ.

ಈಗ ನಿಮ್ಮೂರಿನದೇ ಉದಾಹರಣೆ. ಕಬ್ಬು ಕಡಿಯುವ ಕಾಲ, ರಾತ್ರಿ ಎಂಟು ಗಂಟೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರು ನಿಂತಿದೆ. ಹಿಂದೆ ದೀಪವಿಲ್ಲ, ರೇಡಿಯಂ ಸ್ಟಿಕ್ಕರೂ ಇಲ್ಲ, ಸೋಗೆ ಮಾತ್ರ ಇಳಿಬಿದ್ದಿದೆ. ಡಿಮ್ ಲೈಟಿನಲ್ಲಿ ಅದು ಕಾಣುವುದೇ ಸುಮಾರು 50 ಮೀಟರ್ ಹತ್ತಿರ ಹೋದಾಗ. ಕಂಡು, ಕಾಲು ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡು ಹೋಯಿತು. ಗಂಟೆಗೆ 60ರ ವೇಗದಲ್ಲಿದ್ದರೆ ಆ ಸೆಕೆಂಡಿನಲ್ಲಿ 17 ಮೀಟರ್, ಆಮೇಲೆ ಬ್ರೇಕ್ ಹಿಡಿದು ನಿಲ್ಲುವುದಕ್ಕೆ ಇನ್ನೊಂದು 20 ಮೀಟರ್ ಬೇಕು. ಬಚಾವ್. 100ರಲ್ಲಿದ್ದರೆ ಮೊದಲ ಸೆಕೆಂಡಿಗೇ 28 ಮೀಟರ್ ಖರ್ಚು, ನಿಲ್ಲುವುದಕ್ಕೆ ಒಟ್ಟು 80ಕ್ಕೂ ಹೆಚ್ಚು ಮೀಟರ್ ಬೇಕು. 60ರ ಕಾರು ಪೂರ್ತಿ ನಿಂತುಬಿಟ್ಟ ಜಾಗದಲ್ಲಿ 100ರ ಕಾರು ಇನ್ನೂ 90ರಲ್ಲೇ ಓಡುತ್ತಿರುತ್ತದೆ. ಇದು ಒಣಗಿದ ರಸ್ತೆಯ, ಒಳ್ಳೆ ಟೈರಿನ ಲೆಕ್ಕ.

ಹುರುಳಿ ಒಕ್ಕಣೆಯ ದಿನಗಳಲ್ಲಿ ಟಾರ್ ರಸ್ತೆಯ ಮೇಲೇ ಸೊಪ್ಪು ಹರಡಿರುತ್ತಾರೆ, ನಿಮಗೇ ಗೊತ್ತು. ಅದರ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಕಾರು ಜಾರುತ್ತದೆ. ಒಣ ಸೊಪ್ಪು ಅಡಿಯಲ್ಲಿ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡ ಕಾರುಗಳೂ ಉಂಟು. ದೂರದಿಂದಲೇ ಅದನ್ನು ಗುರುತಿಸಿ ಕಾಲು ಎತ್ತುವುದು ಡ್ರೈವಿಂಗ್ ಸ್ಕೂಲಿನಲ್ಲಿ ಬರುವ ವಿದ್ಯೆಯಲ್ಲ. ಕಾರಿನಲ್ಲಿ ಮೂರು ಜನ ಗೆಳೆಯರು ಕೂತು ‘ಒತ್ತೋ ಮಗಾ’ ಅನ್ನುತ್ತಿರುವಾಗಂತೂ ಅನುಭವಸ್ಥನಿಗೂ ಅದು ಕಷ್ಟವೇ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಅಲ್ಲಿ 100ರ ಮಿತಿ ಇದೆ, ಕ್ಯಾಮೆರಾ ಇದೆ, 2023ರ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರು ಮುಖ್ಯ ರಸ್ತೆಗೆ ಬರುವ ಹಾಗಿಲ್ಲ. ಭಯ ಇರುವುದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ತಿರುವುಗಳದು.

ಕಾನೂನು ಇದನ್ನು ತಡೆಯುವುದಿಲ್ಲ. ನಮ್ಮಲ್ಲಿ 18 ತುಂಬಿ, ಎಲ್‌ಎಲ್‌ಆರ್ ಮಾಡಿಸಿ 30 ದಿನ ಕಳೆದರೆ ಡಿಎಲ್ ಪರೀಕ್ಷೆ. 40 ಹಾರ್ಸ್‌ಪವರ್ ಕೂಡ ಇಲ್ಲದ ಹಳೇ ಮಾರುತಿ 800ಕ್ಕೂ ಅದೇ ಕಾರ್ಡು, 200ರ ಎಸ್‌ಯುವಿಗೂ ಅದೇ ಕಾರ್ಡು. ಇಟಲಿಯಲ್ಲಿ ಹಾಗಲ್ಲ. 2024ರ ಡಿಸೆಂಬರಿನಲ್ಲಿ ಬಂದ ನಿಯಮದ ಪ್ರಕಾರ ಹೊಸ ಲೈಸೆನ್ಸಿನವರು ಮೊದಲ ಮೂರು ವರ್ಷ 105 ಕಿಲೊವ್ಯಾಟ್, ಅಂದರೆ ಸುಮಾರು 142 ಹಾರ್ಸ್‌ಪವರ್ ಮೀರಿದ ಕಾರನ್ನು ಒಬ್ಬರೇ ಓಡಿಸುವಂತಿಲ್ಲ. ನಿಮ್ಮ ಮಗ ಆರಿಸಿರುವ ಕಾರು ಅಲ್ಲಿ ಶೆಡ್ಡಿನಲ್ಲೇ ಇರಬೇಕಾಗುತ್ತಿತ್ತು. ಆಸ್ಟ್ರೇಲಿಯಾದ ಕೆಲವು ರಾಜ್ಯಗಳಲ್ಲೂ ಇಂಥ ಕಟ್ಟುಪಾಡಿದೆ.

ಹಾಗಂತ ಏರ್‌ಬ್ಯಾಗೇ ಇಲ್ಲದ ಡಬ್ಬ ಕಾರು ಕೊಡಿಸಬೇಡಿ, ಅದು ಇನ್ನೊಂದು ತಪ್ಪು. 80–90 ಹಾರ್ಸ್‌ಪವರ್‌ನ, ಟರ್ಬೊ ಇಲ್ಲದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ನೋಡಿ. ಎಬಿಎಸ್, ಆರು ಏರ್‌ಬ್ಯಾಗ್, ಜೊತೆಗೆ ಇಎಸ್‌ಸಿ ಇರಲಿ. ಕಾರು ಅಡ್ಡ ಜಾರಲು ಶುರುವಾದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಕೊಟ್ಟು ದಾರಿಗೆ ತರುವುದು ಅದೇ. ಸೆಕೆಂಡ್ ಹ್ಯಾಂಡ್ ಆದರೆ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2318 ಅಂತಿದ್ದರೆ 2018ರ 23ನೇ ವಾರದ ಟೈರು. ಅಷ್ಟು ಹಳೆಯದಾದರೆ, ಟೈರಿನ ಗೀರುಗಳು ಎಷ್ಟೇ ಆಳವಾಗಿ ಕಂಡರೂ ಬದಲಾಯಿಸಿ.

ಆರ್‌ಸಿ ನಿಮ್ಮ ಹೆಸರಲ್ಲಿದ್ದರೆ, ಅಪಘಾತವಾದಾಗ ಪರಿಹಾರದ ಕೇಸಿನಲ್ಲಿ ಮಾಲೀಕರಾಗಿ ನೀವೂ ಕೋರ್ಟಿಗೆ ಬರಬೇಕಾಗುತ್ತದೆ, ಇನ್ಶೂರೆನ್ಸ್ ತಪ್ಪದೆ ಕಟ್ಟುತ್ತಿರಿ. ಮನೆಯಲ್ಲಿ ಪಿಯುಸಿ ಓದುವ ಕಿರಿಯ ಮಗನಿದ್ದರೆ ಕೀ ಅವನ ಕೈಗೆ ಸಿಗದಿರಲಿ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತನ ತಪ್ಪಿಗೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಮಗ ಒಪ್ಪದಿದ್ದರೆ ಜಗಳ ಬೇಡ. ಒಂದು ಸಂಜೆ ಕತ್ತಲಾದ ಮೇಲೆ ನಿಮ್ಮ ಹಳೇ ಕಾರಿನಲ್ಲೇ ಮಂಡ್ಯದಿಂದ ಬನ್ನೂರಿಗೆ ಅವನೇ ಓಡಿಸಲಿ, ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ಎದುರಿನ ಲಾರಿ ಡಿಮ್ ಮಾಡದೆ ಬಂದಾಗ ಅವನ ಕಾಲು ಯಾವ ಪೆಡಲ್ ಮೇಲಿದೆ ನೋಡಿ. ಹೊರಡುವ ಮುಂಚೆ ಹೆಡ್‌ಲೈಟಿನ ಗಾಜು ಒರೆಸಿಕೊಳ್ಳಿ.